1400 ಮಿ.ಮೀ. ಟ್ರೈನರ್ ಕಿಟ್: ಮೈಕಟ್ಟು ಗಟ್ಟಿ, ಸಿ.ಜಿ. ಗುರುತನ್ನು ಮಾತ್ರ ನಂಬಬೇಡಿ

ರಿಮೋಟಿನಿಂದ ಹಾರಿಸುವುದನ್ನು ಕಲಿಯುವವರಿಗೆಂದು ಒಂದೇ ಅಚ್ಚಿನಲ್ಲಿ ಎರೆದ ಈ ಮಾದರಿ ವಿಮಾನ ನಾಲ್ಕಾರು ಹೆಸರಿನ ಸ್ಟಿಕ್ಕರ್ ಅಂಟಿಸಿಕೊಂಡು ಬೆಂಗಳೂರಿನ ಹಾಬಿ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತದೆ. ಮೇಲ್ರೆಕ್ಕೆ, ಮೂರು ಚಕ್ರ, ಇಪಿಓ ಫೋಮಿನ ಮೈ, ತುದಿಯಿಂದ ತುದಿಗೆ 1400 ಮಿ.ಮೀ. ರೆಕ್ಕೆ. ಪೆಟ್ಟಿಗೆಯಲ್ಲಿ ಮೋಟಾರ್, 30 ಆಂಪಿಯರ್‌ನ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್), 9 ಗ್ರಾಂನ ನಾಲ್ಕು ಸರ್ವೋ (ರೆಕ್ಕೆ, ಬಾಲದ ಚಲಿಸುವ ಪಟ್ಟಿಗಳನ್ನು ತಿರುಗಿಸುವ ಪುಟ್ಟ ಮೋಟಾರ್), 10×6 ಪ್ರಾಪ್ (ಪ್ರೊಪೆಲರ್), ಚಕ್ರ, ತಂತಿ, ಸ್ಕ್ರೂ ಎಲ್ಲ ಇರುತ್ತವೆ. ರಿಸೀವರ್, ಟ್ರಾನ್ಸ್‌ಮಿಟರ್ (ಕೈಯಲ್ಲಿ ಹಿಡಿಯುವ ರಿಮೋಟ್), ಬ್ಯಾಟರಿ, ಚಾರ್ಜರ್ ನಮ್ಮ ಖರ್ಚು. ಹಾಸನದಲ್ಲಿ ಇಂಥ ಎರಡು ಕಿಟ್ ಬಿಚ್ಚಿ, ತೂಗಿ, ಅಳೆದು ಜೋಡಿಸಿದ ಲೆಕ್ಕದ ಮೇಲೆ ಈ ವಿಮರ್ಶೆ.

ತೀರ್ಪು ಮೊದಲೇ ಹೇಳಿಬಿಡೋಣ. ಕೊಳ್ಳಬಹುದು. ಕಲಿಯುವವರಿಗೆ ಮೈಕಟ್ಟು ಚೆನ್ನಾಗಿದೆ, ಮೋಟಾರಿಗೆ ಸಾಕಷ್ಟು ಶಕ್ತಿಯಿದೆ, ಬಿದ್ದರೆ ಅಂಟಿಸಿ ಮತ್ತೆ ಹಾರಿಸಬಹುದು. ಆದರೆ ಪೆಟ್ಟಿಗೆಯ ಮೇಲೆ ಬರೆದಂತೆ ಅರ್ಧ ಗಂಟೆಯಲ್ಲಿ ಜೋಡಿಸಿ ಹೊಲಕ್ಕೆ ಹೊತ್ತೊಯ್ದರೆ ಮೊದಲ ಹಾರಾಟದಲ್ಲೇ ಬಾಲ ಭಾರವಾಗಿ ಕೈಗೆ ಸಿಗದೆ ಹೋಗುವ ಎಲ್ಲ ಸಾಧ್ಯತೆಯೂ ಇದೆ. ಪುಸ್ತಿಕೆಯಲ್ಲಿ ಸಿ.ಜಿ. (ಭಾರದ ಕೇಂದ್ರ, ಅಂದರೆ ವಿಮಾನ ಹಿಂದೆ ಮುಂದೆ ವಾಲದೆ ಸಮವಾಗಿ ತೂಗುವ ಜಾಗ) ರೆಕ್ಕೆಯ ಮುಂಚೂಣಿಯಿಂದ, ಅಂದರೆ ಮುಂದಿನ ಅಂಚಿನಿಂದ, 65 ಮಿ.ಮೀ. ಎಂದಿದೆ. ರೆಕ್ಕೆಯ ಅಡಿಯಲ್ಲಿ ಬೆರಳಿಡಲೆಂದು ಅಚ್ಚೊತ್ತಿದ ಗುಂಡಿಗಳು 72 ಮಿ.ಮೀ.ನಲ್ಲಿವೆ. ಬ್ಯಾಟರಿಯನ್ನು ಪುಸ್ತಿಕೆಯ ಚಿತ್ರದಲ್ಲಿರುವ ಜಾಗದಲ್ಲೇ ಇಟ್ಟು ತೂಗಿದರೆ ವಿಮಾನ ನಿಲ್ಲುವುದು 74 ಮಿ.ಮೀ.ನಲ್ಲಿ. ಒಂದೇ ವಿಮಾನಕ್ಕೆ ಮೂರು ಲೆಕ್ಕ. ಎರಡು ಸಂಜೆ ಮೇಜಿನ ಮೇಲೆ ಕೂತು ಇದನ್ನು ಸರಿ ಮಾಡಿಕೊಳ್ಳುವ ತಾಳ್ಮೆ ಇದ್ದವರಿಗೆ ಮಾತ್ರ ಈ ಕಿಟ್ ಲಾಭದ್ದು.

ಪೆಟ್ಟಿಗೆ ಬಿಚ್ಚಿದ ಕೂಡಲೇ ಅಂಟು ತೆಗೆಯಬೇಡಿ, ತಕ್ಕಡಿ ತೆಗೆಯಿರಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದು ಗ್ರಾಂವರೆಗೆ ತೋರಿಸಿದರೆ ಸಾಕು. ಒಂದು ಕಿಟ್‌ನಲ್ಲಿ ಎಡ ರೆಕ್ಕೆ 168 ಗ್ರಾಂ, ಬಲ ರೆಕ್ಕೆ 175 ಗ್ರಾಂ ಇತ್ತು. ಇನ್ನೊಂದರಲ್ಲಿ ವ್ಯತ್ಯಾಸ 2 ಗ್ರಾಂ ಅಷ್ಟೆ. ಫೋಮಿನ ಅಚ್ಚಿನಲ್ಲಿ ಇಷ್ಟು ಹೆಚ್ಚುಕಡಿಮೆ ಸಹಜ, ಆದರೆ ಗೊತ್ತಿರಬೇಕು. ಆಮೇಲೆ ರೆಕ್ಕೆಯ ಎರಡೂ ಅರ್ಧಗಳನ್ನು ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಮಲಗಿಸಿ. ಮನೆಯಲ್ಲಿ ಅದಕ್ಕಿಂತ ಸಮತಟ್ಟಾದ ಜಾಗ ಸಿಗುವುದು ಕಷ್ಟ. ತುದಿಯಲ್ಲಿ ಹಿಂಚೂಣಿ (ಹಿಂದಿನ ಅಂಚು) ಕಲ್ಲಿನಿಂದ ಎಷ್ಟು ಎದ್ದಿದೆ ಎಂದು ಸ್ಕೇಲಿನಲ್ಲಿ ಅಳೆದು, ಎರಡೂ ಕಡೆಯ ಅಂಕಿ ಹೋಲಿಸಿ. 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ರೆಕ್ಕೆ ತಿರುಚಿದೆ ಎಂದರ್ಥ. ಕುದಿಯುವ ನೀರನ್ನು ಆ ಭಾಗದ ಮೇಲೆ ನಿಧಾನವಾಗಿ ಸುರಿದು, ಉಲ್ಟಾ ದಿಕ್ಕಿಗೆ ಸ್ವಲ್ಪ ಹೆಚ್ಚೇ ತಿರುಚಿ, ತಣ್ಣಗಾಗುವವರೆಗೆ ಹಿಡಿದುಕೊಂಡರೆ ಇಪಿಓ ಅದೇ ಆಕಾರಕ್ಕೆ ಕೂರುತ್ತದೆ. ಕೊರಿಯರ್‌ನಲ್ಲಿ ಬಂದ ತಗ್ಗುಗಳೂ ಇದೇ ಬಿಸಿನೀರಿಗೆ ಉಬ್ಬಿ ಮೇಲೇಳುತ್ತವೆ.

ಅಂಟಿನ ವಿಷಯದಲ್ಲಿ ಪುಸ್ತಿಕೆ ದಾರಿ ತಪ್ಪಿಸುತ್ತದೆ. ಬಾಲದ ರೆಕ್ಕೆ ಮತ್ತು ಅದರ ಮೇಲೆ ನೆಟ್ಟಗೆ ನಿಲ್ಲುವ ಫಿನ್ ಅನ್ನು ಗ್ಲೂ ಗನ್‌ನ ಬಿಸಿ ಅಂಟಿನಲ್ಲಿ ಕೂರಿಸಿ ಎನ್ನುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರೊಳಗೆ ಆ ಅಂಟು ಮೆತ್ತಗಾಗಿ ಬಾಲ ಓಲುತ್ತದೆ. ಇನ್ನೊಂದು ತೊಂದರೆ ಯಾರೂ ಹೇಳುವುದಿಲ್ಲ, ಅದು ತೂಕ. ಬಿಸಿ ಅಂಟು ಕೈಮೀರಿ ಬೀಳುತ್ತದೆ, ಬಾಲಕ್ಕೆ 10 ಗ್ರಾಂ ಹಿಡಿಯುವುದು ಸಾಮಾನ್ಯ. ಮೂವತ್ತು ನಿಮಿಷದ ಎಪಾಕ್ಸಿಯಾದರೆ 4 ಗ್ರಾಂನಲ್ಲಿ ಕೆಲಸ ಮುಗಿಯುತ್ತದೆ. ಉಳಿದ 6 ಗ್ರಾಂ ಅಲ್ಪ ಅನ್ನಿಸಬಹುದು. ಆದರೆ ಬಾಲ ಇರುವುದು ಸಿ.ಜಿ.ಯಿಂದ ಸುಮಾರು 650 ಮಿ.ಮೀ. ಹಿಂದೆ, ಮೋಟಾರ್ ಬಿಗಿಯುವ ಮೂಗಿನ ಗೋಡೆ ಇರುವುದು 240 ಮಿ.ಮೀ. ಮುಂದೆ. ಬಾಲದ ಆ 6 ಗ್ರಾಂ ತೂಗಿಸಲು ಮೂಗಿಗೆ 16 ಗ್ರಾಂ ಸೀಸ ಹಾಕಬೇಕಾಗುತ್ತದೆ. ಈ ವಿಮಾನದಲ್ಲಿ ಬಾಲದ ಒಂದು ಗ್ರಾಂ ಎಂದರೆ ಮೂಗಿನ ಎರಡೂಮುಕ್ಕಾಲು ಗ್ರಾಂ. ಸ್ಟಿಕ್ಕರ್, ಬಣ್ಣ, ಅಂಟು, ಏನೇ ಇರಲಿ, ಬಾಲದ ಕಡೆ ಕೈ ಬಿಗಿ ಹಿಡಿಯಿರಿ. ಸಾದಾ ಸೂಪರ್ ಗ್ಲೂ ಇಪಿಓಗೆ ನಡೆಯುತ್ತದೆ. ಥರ್ಮೋಕೋಲ್‌ಗೆ ಹಾಕಿದರೆ ಮಾತ್ರ ಕರಗಿಸಿಬಿಡುತ್ತದೆ, ಎರಡನ್ನೂ ಒಂದೇ ಎಂದು ತಿಳಿಯಬೇಡಿ.

ಬಾಲ ಕೂರಿಸುವ ಮುನ್ನ ರೆಕ್ಕೆಯನ್ನು ಅದರ ಎರಡು ನೈಲಾನ್ ಬೋಲ್ಟಿನಿಂದ ಬಿಗಿದು ಅಳತೆ ನೋಡಬೇಕು. ನೂಲು ಅಥವಾ ಟೇಪಿನಿಂದ ಎಡ ರೆಕ್ಕೆಯ ತುದಿಯಿಂದ ಮೈಯ ಬಾಲದ ನಡುಗೆರೆಗೆ ಎಷ್ಟೋ, ಬಲ ತುದಿಯಿಂದಲೂ ಅಷ್ಟೇ ಬರಬೇಕು. 3 ಮಿ.ಮೀ. ಒಳಗಿದ್ದರೆ ಸಾಕು. ಬಾಲದ ರೆಕ್ಕೆಯನ್ನು ಹಿಂದಿನಿಂದ ನೋಡಿದರೆ ಮುಖ್ಯ ರೆಕ್ಕೆಗೆ ಸಮಾನಾಂತರವಾಗಿ ಕಾಣಬೇಕು. ಫಿನ್‌ಗೆ ಮೂಲೆಮಟ್ಟ ಹಿಡಿಯಿರಿ. ಎರಡು ಕಿಟ್‌ಗಳಲ್ಲೂ ಬಾಲ ಕೂರುವ ಜಾಗ ಒಂದು ಕಡೆ ಸುಮಾರು ಒಂದು ಮಿ.ಮೀ. ತಗ್ಗಿತ್ತು. ಉಪ್ಪುಕಾಗದದಲ್ಲಿ ನಾಲ್ಕು ಸಲ ಎಳೆದರೆ ಸರಿಹೋಗುತ್ತದೆ. ಆ ನೈಲಾನ್ ಬೋಲ್ಟುಗಳನ್ನು ಗಟ್ಟಿಯಿರಲಿ ಎಂದು ಕಬ್ಬಿಣದ್ದಕ್ಕೆ ಬದಲಾಯಿಸುವವರಿದ್ದಾರೆ. ದಯವಿಟ್ಟು ಬೇಡ. ರೆಕ್ಕೆ ಎಲ್ಲಿಗಾದರೂ ಬಡಿದಾಗ ಬೋಲ್ಟು ಮುರಿದು ರೆಕ್ಕೆ ಉಳಿಯಲಿ ಎಂದೇ ಅಲ್ಲಿ ನೈಲಾನ್ ಇರುವುದು.

ಮೋಟಾರ್ ಬಗ್ಗೆ ದೂರಿಲ್ಲ. ಮೂರು ಸೆಲ್ಲಿನ ತುಂಬಿದ ಬ್ಯಾಟರಿಯಲ್ಲಿ ವ್ಯಾಟ್ ಮೀಟರ್ ಇಟ್ಟು ನೋಡಿದರೆ ಪೂರ್ತಿ ಥ್ರಾಟಲ್‌ಗೆ 22 ಆಂಪಿಯರ್, ಸುಮಾರು 240 ವ್ಯಾಟ್. 1160 ಗ್ರಾಂನ ವಿಮಾನಕ್ಕೆ ಇದು ಕಿಲೋಗೆ 200 ವ್ಯಾಟ್ ದಾಟುತ್ತದೆ, ಟ್ರೈನರ್‌ಗೆ ಬೇಕಾದಷ್ಟಾಯಿತು. 30 ಆಂಪಿಯರ್‌ನ ಇಎಸ್‌ಸಿಗೂ ಉಸಿರಾಡಲು ಜಾಗ ಉಳಿಯುತ್ತದೆ. ದೂರು ಇರುವುದು ಮೋಟಾರ್ ಕೂತ ಕೋನದ ಮೇಲೆ. ಮೋಟಾರನ್ನು ಸುಮಾರು 2 ಡಿಗ್ರಿ ಬಲಕ್ಕೆ, 2ರಿಂದ 3 ಡಿಗ್ರಿ ಕೆಳಕ್ಕೆ ತಿರುಗಿಸಿ ಕೂರಿಸಬೇಕು. ಪ್ರಾಪ್ ಹಿಂದಕ್ಕೆಸೆಯುವ ಗಾಳಿ ಸುರುಳಿಯಾಗಿ ಬಂದು ಫಿನ್‌ಗೆ ಹೊಡೆದು ಮೂಗನ್ನು ಎಡಕ್ಕೆ ಎಳೆಯುತ್ತದೆ. ಮೇಲ್ರೆಕ್ಕೆಯ ವಿಮಾನ ಥ್ರಾಟಲ್ ಕೊಟ್ಟ ಕೂಡಲೇ ಮೂಗೆತ್ತಿ ಮೇಲೇರಲು ನೋಡುತ್ತದೆ. ಈ ಎರಡಕ್ಕೂ ಮದ್ದು ಆ ಕೋನ. ಕಿಟ್‌ನಲ್ಲಿ ಬಲಕ್ಕೆ ಕೋನ ಇದೆ, ಕೆಳಕ್ಕೆ ಇಲ್ಲವೇ ಇಲ್ಲ. ಪರಿಹಾರ ಸುಲಭ: ಮೋಟಾರ್ ಮೌಂಟಿನ ಮೇಲಿನ ಎರಡು ಸ್ಕ್ರೂಗಳ ಹಿಂದೆ ಒಂದು ಮಿ.ಮೀ. ದಪ್ಪದ ವಾಷರ್ ಸೇರಿಸಿ. ಮೇಲಿನ ಮತ್ತು ಕೆಳಗಿನ ಸ್ಕ್ರೂಗಳ ನಡುವೆ 25 ಮಿ.ಮೀ. ಅಂತರವಿರುವುದರಿಂದ ಮೋಟಾರ್ 2.3 ಡಿಗ್ರಿ ಕೆಳಗೆ ಬಾಗುತ್ತದೆ. ಅಲ್ಲಿನ ಲೋಹದ ಸ್ಕ್ರೂಗಳಿಗೆ ಕಾರ್ಖಾನೆಯಲ್ಲಿ ಥ್ರೆಡ್ ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿರುವುದಿಲ್ಲ. ನೀಲಿ ಬಣ್ಣದ್ದನ್ನು ಒಂದೊಂದು ಹನಿ ಹಾಕಿ ಬಿಗಿಯಿರಿ. ಪ್ಲಾಸ್ಟಿಕ್ ಭಾಗಕ್ಕೆ ತಾಗಿದರೆ ಅದು ಬಿರುಕು ಬಿಡುತ್ತದೆ, ಜೋಕೆ.

ಪ್ರಾಪ್‌ನ ಸಮತೋಲನವೂ ಕಾರ್ಖಾನೆಯಿಂದ ಸರಿಯಾಗಿ ಬರುವುದಿಲ್ಲ. ನಡುತೂತಿಗೆ ಸರಿಯಾಗಿ ಕೂರುವ ನುಣುಪಾದ ಕಡ್ಡಿ ತೂರಿಸಿ, ಕಡ್ಡಿಯ ಎರಡೂ ತುದಿಯನ್ನು ಎರಡು ಬ್ಲೇಡಿನ ಅಂಚಿನ ಮೇಲಿಟ್ಟು ಪ್ರಾಪನ್ನು ಅಡ್ಡ ನಿಲ್ಲಿಸಿ. ಭಾರದ ಎಲೆ ಕೆಳಗಿಳಿಯುತ್ತದೆ. ಅದರ ತುದಿಯ ಬೆನ್ನನ್ನು ನಯವಾದ ಉಪ್ಪುಕಾಗದದಲ್ಲಿ ಉಜ್ಜಿ, ಎಲ್ಲಿ ನಿಲ್ಲಿಸಿದರೂ ಅಲ್ಲೇ ನಿಲ್ಲುವ ತನಕ. ಇದನ್ನು ಬಿಟ್ಟರೆ ನಡುಕ ಶುರುವಾಗಿ ಮೊದಲು ಮೌಂಟಿನ ಸ್ಕ್ರೂ ಸಡಿಲ, ಆಮೇಲೆ ಮೋಟಾರಿನ ಬೇರಿಂಗ್ ಹಾಳು. ಸಮತೋಲನ ಮಾಡಿದ ಪ್ರಾಪನ್ನು ಹಾಗೇ ಎತ್ತಿಡಿ. ರೇಡಿಯೋ ಹೊಂದಿಸುವ ಕೆಲಸವೆಲ್ಲ ಪ್ರಾಪ್ ಇಲ್ಲದೆಯೇ ಆಗಬೇಕು. ಬೆರಳು ಕೊಯ್ದುಕೊಳ್ಳುವುದು ಹೊಲದಲ್ಲಷ್ಟೇ ಅಲ್ಲ, ಮೇಜಿನ ಮೇಲೂ.

ಸರ್ವೋ ಜೋಡಣೆಯಲ್ಲಿ ಕ್ರಮ ತಪ್ಪಿದರೆ ಎಲ್ಲವೂ ತಪ್ಪಿತು. ಮೊದಲು ಟ್ರಾನ್ಸ್‌ಮಿಟರ್‌ನಲ್ಲಿ ಟ್ರಿಮ್, ಸಬ್‌ಟ್ರಿಮ್ (ಸ್ಟಿಕ್ ಮುಟ್ಟದಿದ್ದಾಗ ಸರ್ವೋ ನಿಲ್ಲುವ ಜಾಗವನ್ನು ಸಣ್ಣಗೆ ಸರಿಸುವ ಹೊಂದಾಣಿಕೆ) ಎರಡನ್ನೂ ಸೊನ್ನೆಗೆ ತನ್ನಿ. ಸರ್ವೋಗೆ ಕರೆಂಟ್ ಕೊಟ್ಟು ನಡುವಿಗೆ ಬರಲು ಬಿಡಿ. ಆಗ ತೋಳನ್ನು ಪುಷ್‌ರಾಡ್‌ಗೆ (ಸರ್ವೋದ ಚಲನೆ ಒಯ್ಯುವ ತಂತಿಗೆ) 90 ಡಿಗ್ರಿಯಲ್ಲಿ ಕೂರಿಸಿ. ಹಲ್ಲುಗಳ ಲೆಕ್ಕಕ್ಕೆ ನಿಖರವಾಗಿ 90 ಬರದಿದ್ದರೆ ತೋಳು ತಿರುಗಿಸಿ ಇನ್ನೊಂದು ಕಡೆ ಕೂರಿಸಿ ನೋಡಿ, ಉಳಿದ ಒಂದೆರಡು ಡಿಗ್ರಿಯನ್ನಷ್ಟೇ ಸಬ್‌ಟ್ರಿಮ್‌ಗೆ ಬಿಡಿ. ಕೊನೆಗೆ ಪುಷ್‌ರಾಡಿನ ಉದ್ದ ಬದಲಾಯಿಸಿ ಏಲೆರಾನ್ (ರೆಕ್ಕೆಯ ಹಿಂಬದಿಯ ಚಲಿಸುವ ಪಟ್ಟಿ), ಎಲಿವೇಟರ್ (ಬಾಲದ ರೆಕ್ಕೆಯದು), ರಡ್ಡರ್ (ಫಿನ್‌ನದು) ಮೂರನ್ನೂ ನೇರಕ್ಕೆ ತನ್ನಿ. ಈ ಕಿಟ್‌ನ ಸರ್ವೋಗಳು ತೋಳು ಹಾಕಿಯೇ ಬರುತ್ತವೆ, ನೋಡಲು ನೇರವಾಗಿಯೂ ಕಾಣುತ್ತವೆ. ಕರೆಂಟ್ ಕೊಟ್ಟಾಗ ಎಂಟರಲ್ಲಿ ಮೂರು ಓರೆಯಾಗಿದ್ದವು. ತೋಳು ಓರೆಯಿದ್ದರೆ ಮೇಲಕ್ಕೊಂದು ಅಳತೆ, ಕೆಳಕ್ಕೊಂದು ಅಳತೆ ಚಲನೆ ಬರುತ್ತದೆ. ವಿಮಾನ ಒಂದು ಕಡೆ ಚುರುಕಾಗಿ, ಇನ್ನೊಂದು ಕಡೆ ಮಂದವಾಗಿ ತಿರುಗುತ್ತದೆ.

ಆ ಪಟ್ಟಿಗಳ ಮೇಲೆ ಪುಷ್‌ರಾಡ್ ಹಿಡಿಯುವ ತುಂಡನ್ನು, ಅಂದರೆ ಹಾರ್ನ್ ಅನ್ನು, ಅಂಟಿಸುವ ಜಾಗವೂ ಮುಖ್ಯ. ಪುಷ್‌ರಾಡ್ ಸಿಕ್ಕಿಸುವ ತೂತು ಹಿಂಜ್ ಗೆರೆಯ ನೇರ ಮೇಲೆ ಬರಬೇಕು. ನಾಲ್ಕು ಮಿ.ಮೀ. ಹಿಂದೆ ಬಂದರೂ ಮೇಲೆ ಕೆಳಗೆ ಸಮ ಚಲನೆ ಸಿಗುವುದಿಲ್ಲ. ಹಾರ್ನಿನ ತೂತು 1.5 ಮಿ.ಮೀ., ತಂತಿ 1.2 ಮಿ.ಮೀ. ಆ ಸಡಿಲು ಎಲಿವೇಟರ್‌ನಲ್ಲಿ ಎದ್ದು ಕಾಣುತ್ತದೆ. ಮೂಗು ಸಣ್ಣಗೆ ಏರಿಳಿಯುತ್ತಲೇ ಇರುತ್ತದೆ, ಟ್ರಿಮ್ ಎಷ್ಟು ಒತ್ತಿದರೂ ನಿಲ್ಲದು. ಎಲಿವೇಟರ್‌ಗಾದರೂ ಸ್ಕ್ರೂ ಬಿಗಿಯುವ ಲಿಂಕೇಜ್ ಸ್ಟಾಪರ್ ಹಾಕಿಕೊಳ್ಳಿ, ಅಂಗಡಿಯಲ್ಲಿ ಸಿಗುವ ಅಗ್ಗದ ಭಾಗವಿದು.

ಚಲನೆಯ ಅಳತೆ ಪುಸ್ತಿಕೆಯಲ್ಲಿ ಹೆಚ್ಚಾಯಿತು. ಕಲಿಯುವವರಿಗೆ ಏಲೆರಾನ್ ಮೇಲಕ್ಕೆ 14 ಮಿ.ಮೀ., ಕೆಳಕ್ಕೆ 9 ಮಿ.ಮೀ. ಸಾಕು. ಎಲಿವೇಟರ್ ಎರಡೂ ಕಡೆ 12, ರಡ್ಡರ್ ಎರಡೂ ಕಡೆ 20. ಎಲ್ಲವನ್ನೂ ಹಿಂಚೂಣಿಯಲ್ಲಿ, ಅಗಲ ಹೆಚ್ಚಿರುವ ಕಡೆ ಅಳೆಯಬೇಕು. ಏಲೆರಾನ್, ಎಲಿವೇಟರ್‌ಗೆ 30 ಶೇಕಡಾ ಎಕ್ಸ್‌ಪೋ (ಸ್ಟಿಕ್ ನಡುವಿನ ಆಸುಪಾಸಿನಲ್ಲಿ ಚಲನೆಯನ್ನು ಮಂದವಾಗಿಸುವ ಹೊಂದಾಣಿಕೆ) ಕೊಡಿ. ಏಲೆರಾನ್ ಕೆಳಗೆ ಕಡಿಮೆ ಇರಲಿ ಎಂದದ್ದಕ್ಕೆ ಕಾರಣವಿದೆ: ಕೆಳಗೆ ಬಾಗಿದ ಏಲೆರಾನ್ ಎಳೆತ ಹೆಚ್ಚಿಸಿ ಮೂಗನ್ನು ತಿರುವಿನ ವಿರುದ್ಧ ದಿಕ್ಕಿಗೆ ಜಗ್ಗುತ್ತದೆ. ನಿಧಾನ ವೇಗದಲ್ಲಿ ಇಳಿಸುವಾಗ ಇದು ಅಪಾಯ. ಕಿಟ್ ಜೊತೆ ಬರುವ ವೈ ವೈರ್‌ನಲ್ಲಿ ಎರಡೂ ಏಲೆರಾನ್ ಒಂದೇ ಚಾನೆಲ್‌ಗೆ ಹೋಗುವುದರಿಂದ ಟ್ರಾನ್ಸ್‌ಮಿಟರ್‌ನಲ್ಲಿ ಈ ವ್ಯತ್ಯಾಸ ಕೊಡಲಾಗದು. ಆರು ಚಾನೆಲ್ಲಿನ ರಿಸೀವರ್ ಇದ್ದರೆ ಎರಡಕ್ಕೂ ಬೇರೆ ಬೇರೆ ಚಾನೆಲ್ ಕೊಡಿ, ವೈ ವೈರ್ ಪೆಟ್ಟಿಗೆಯಲ್ಲೇ ಇರಲಿ.

ದಿಕ್ಕು ಪರೀಕ್ಷಿಸಲು ಹಳೆಯ ಉಪಾಯವೊಂದಿದೆ. ವಿಮಾನದ ಹಿಂದೆ ನಿಂತು ಟ್ರಾನ್ಸ್‌ಮಿಟರ್‌ನ ಬಲ ಸ್ಟಿಕ್ಕನ್ನು ಹೆಬ್ಬೆರಳು ಮೇಲಿರುವಂತೆ ಹಿಡಿಯಿರಿ. ಸ್ಟಿಕ್ ಯಾವ ಕಡೆ ವಾಲಿತೋ ಹೆಬ್ಬೆರಳೂ ಆ ಕಡೆ ವಾಲುತ್ತದೆ, ಆ ಕಡೆಯ ಏಲೆರಾನ್ ಮೇಲೆದ್ದಿರಬೇಕು. ಎಲಿವೇಟರ್ ಸ್ಟಿಕ್ ನಿಮ್ಮ ಕಡೆ ಎಳೆದರೆ ಎಲಿವೇಟರ್ ಮೇಲೆ ಬರಬೇಕು. ಏಲೆರಾನ್ ಉಲ್ಟಾ ಇರುವ ವಿಮಾನ ನೆಲ ಬಿಟ್ಟ ಮೂರು ಸೆಕೆಂಡಿಗೆ ನೆಲ ಸೇರುತ್ತದೆ. ಇದನ್ನು ಪ್ರತಿ ಹಾರಾಟಕ್ಕೂ ಮುಂಚೆ ನೋಡಬೇಕು, ಒಮ್ಮೆ ನೋಡಿದ್ದೇನಲ್ಲ ಎಂದು ಬಿಡುವ ವಿಷಯವಲ್ಲ.

ಈಗ ಸಿ.ಜಿ.

ಈ ರೆಕ್ಕೆಯ ಅಗಲ, ಅಂದರೆ ಮುಂಚೂಣಿಯಿಂದ ಹಿಂಚೂಣಿಗೆ ಇರುವ ಅಳತೆ, ಬುಡದಿಂದ ತುದಿಯವರೆಗೂ ಒಂದೇ, 210 ಮಿ.ಮೀ. ಆದ್ದರಿಂದ ಲೆಕ್ಕ ಸರಳ. ಇಂಥ ಟ್ರೈನರ್‌ಗೆ ಸಿ.ಜಿ. ಈ ಅಗಲದ 25ರಿಂದ 33 ಶೇಕಡಾ ನಡುವೆ ಇರಬೇಕು, ಅಂದರೆ ಇಲ್ಲಿ 53ರಿಂದ 69 ಮಿ.ಮೀ. ಪುಸ್ತಿಕೆಯ 65 ಈ ಮಿತಿಯೊಳಗಿದೆ, ಕೈ ಪಳಗಿದವರಿಗೆ ಸರಿ. ಗುಂಡಿಗಳ 72 ಎಂದರೆ 34 ಶೇಕಡಾ, ಮಿತಿಯಾಚೆ. ಮೊದಲ ಹಾರಾಟಕ್ಕೆ 60 ಮಿ.ಮೀ. ಇಟ್ಟುಕೊಳ್ಳಿ. ಮೂಗು ಭಾರವಾದ ವಿಮಾನ ಮಂದವಾಗಿರುತ್ತದೆ, ಸ್ವಲ್ಪ ವೇಗದಲ್ಲಿ ಇಳಿಯುತ್ತದೆ, ಇಳಿಯುವಾಗ ಎಲಿವೇಟರ್ ಹೆಚ್ಚು ಎಳೆಯಬೇಕಾಗುತ್ತದೆ. ಆದರೂ ಮನೆಗೆ ವಾಪಸ್ ಬರುತ್ತದೆ. ಬಾಲ ಭಾರವಾದದ್ದು ಎಲಿವೇಟರ್ ಮುಟ್ಟಿದರೆ ಸಾಕು ಎಗರುತ್ತದೆ, ವೇಗ ಕಳೆದುಕೊಂಡು ಒಂದು ರೆಕ್ಕೆ ಕೆಡವಿ ಸುತ್ತಲು ಶುರುಮಾಡುತ್ತದೆ. ಮೂಗು ತಗ್ಗಿಸಿ ವೇಗ ಕೂಡಿಸಿಕೊಳ್ಳುವ ಸ್ವಭಾವವೇ ಅದಕ್ಕಿರುವುದಿಲ್ಲ.

ಬೆರಳ ಮೇಲೆ ತೂಗುವುದು ಅಂದಾಜಿಗೆ ಮಾತ್ರ. ಬೆರಳ ತುದಿಯೇ 12ರಿಂದ 15 ಮಿ.ಮೀ. ಅಗಲ, ಅದರ ಮೇಲೆ 5 ಮಿ.ಮೀ. ವ್ಯತ್ಯಾಸ ಹಿಡಿಯುವುದು ಹೇಗೆ? ಸ್ಟ್ಯಾಂಡ್ ಕೊಳ್ಳುವ ಅಗತ್ಯವಿಲ್ಲ. ಅಡಿಕೆ ದಬ್ಬೆಯ ಎರಡು ತುಂಡು ಅಥವಾ ಬಡಗಿಯ ಹತ್ತಿರ ಬಿದ್ದಿರುವ ಸಿಲ್ವರ್ ಓಕ್ ರೀಪರ್ ಸಾಕು. 30 ಸೆಂ.ಮೀ. ಎತ್ತರ, ಮೈಯಗಲ 90 ಮಿ.ಮೀ. ಆದ್ದರಿಂದ ಎರಡರ ನಡುವೆ 130 ಮಿ.ಮೀ. ಅಂತರ ಬಿಟ್ಟು ಒಂದು ಹಲಗೆಗೆ ಮೊಳೆ ಹೊಡೆಯಿರಿ. ತುದಿಗೆ ಹಿಂದೆ ರಬ್ಬರ್ ಇರುವ ಪೆನ್ಸಿಲ್ ತುಂಡು ಸಿಕ್ಕಿಸಿದರೆ ರೆಕ್ಕೆ ಜಾರುವುದಿಲ್ಲ, ಫೋಮಿಗೆ ಗುಳಿಯೂ ಬೀಳುವುದಿಲ್ಲ. ಕೆಳಗಿನ ಹಲಗೆ ಮಟ್ಟವಾಗಿದೆಯೇ ಎಂದು ರಸಮಟ್ಟ ಇಟ್ಟು ನೋಡಿ.

60 ಮಿ.ಮೀ. ಗುರುತು ಹಾಕುವಾಗ ತಪ್ಪುವುದು ಇಲ್ಲೇ. ಮುಂಚೂಣಿ ಗುಂಡಗಿರುತ್ತದೆ. ಟೇಪನ್ನು ಅದರ ಬಾಗಿನ ಮೇಲೆ ಸುತ್ತಿ ಅಳೆದರೆ ಎರಡು ಮೂರು ಮಿ.ಮೀ. ಕಳೆದುಹೋಗುತ್ತದೆ. ಮೂಲೆಮಟ್ಟವನ್ನು ಮುಂಚೂಣಿಗೆ ತಾಗಿಸಿ ನಿಲ್ಲಿಸಿ, ಅದರ ನೇರದಿಂದ ಸ್ಕೇಲಿನಲ್ಲಿ ಹಿಂದಕ್ಕೆ ಅಳೆಯಿರಿ. ರೆಕ್ಕೆಯ ಅಡಿಯಲ್ಲಿ, ಮೈಯ ಎರಡೂ ಪಕ್ಕದಲ್ಲಿ ಒಂದೇ ಅಳತೆಗೆ ಗುರುತು ಹಾಕಿ. ಅಚ್ಚಿನ ಗುಂಡಿಗಳ ಮೇಲೆ ಬಿಳಿ ಟೇಪ್ ಅಂಟಿಸಿಬಿಡಿ, ಇನ್ನೊಬ್ಬರು ಹೊಲದಲ್ಲಿ ಅದನ್ನೇ ನಂಬಿಕೊಳ್ಳದಿರಲಿ.

ತೂಗುವಾಗ ವಿಮಾನ ಹಾರಲು ಹೊರಟ ಹಾಗೇ ಇರಬೇಕು. ಪ್ರಾಪ್, ಸ್ಪಿನ್ನರ್, ರಿಸೀವರ್, ಬ್ಯಾಟರಿ, ಬ್ಯಾಟರಿಯ ಮುಚ್ಚಳ, ಚಕ್ರ ಎಲ್ಲವೂ ಅದರದರ ಜಾಗದಲ್ಲಿರಲಿ, ಬ್ಯಾಟರಿಯ ವೈರ್ ಮಾತ್ರ ಸಿಕ್ಕಿಸಬೇಡಿ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಮೇಲ್ರೆಕ್ಕೆಯಾದ್ದರಿಂದ ನೆಟ್ಟಗೇ ಕೂರಿಸಿ ತೂಗಬಹುದು. ಕೆಳರೆಕ್ಕೆಯ ವಿಮಾನವಾದರೆ ಮಗುಚಿ ತೂಗಬೇಕು, ಇಲ್ಲದಿದ್ದರೆ ಭಾರ ಆಧಾರಕ್ಕಿಂತ ಮೇಲಿದ್ದು ಉರುಳುತ್ತದೆ. ವಿಮಾನ ಮಟ್ಟವಾಗಿ ಅಥವಾ ಮೂಗು ಕೂದಲೆಳೆಯಷ್ಟು ತಗ್ಗಿ ನಿಂತರೆ ಸರಿ.

2200 ಎಂಎಎಚ್ ಬ್ಯಾಟರಿಗೆ 185 ಗ್ರಾಂ. ಪುಸ್ತಿಕೆ ತೋರಿಸಿದಂತೆ ಅದನ್ನು ಗೂಡಿನ ಹಿಂಗೋಡೆಗೆ ಒತ್ತಿಟ್ಟಾಗ ಸಿ.ಜಿ. 74. ನಮಗೆ ಬೇಕಾದ್ದು 60. 14 ಮಿ.ಮೀ. ಮುಂದೆ ತರಬೇಕು. ಬ್ಯಾಟರಿಯನ್ನು ಮುಂದಕ್ಕೆ ಸರಿಸಲು ಜಾಗ ಸಿಗುವುದು 50 ಮಿ.ಮೀ. ಮಾತ್ರ. 185ನ್ನು 50ರಿಂದ ಗುಣಿಸಿ 1160ರಿಂದ ಭಾಗಿಸಿದರೆ 8 ಮಿ.ಮೀ. ಮುಂದೆ ಬಂತು, ಸಿ.ಜಿ. 66ಕ್ಕೆ ನಿಂತಿತು. ಉಳಿದ 6 ಮಿ.ಮೀ.ಗೆ ಮೂಗಿನಲ್ಲಿ ಭಾರ ಹಾಕಬೇಕು: 1160 ಗುಣಿಸು 6, ಭಾಗಿಸು 240, ಅಂದರೆ 29 ಗ್ರಾಂ. ಟೈರ್ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸಿಂಗ್‌ಗೆ ಬಳಸುವ ಅಂಟುಪಟ್ಟಿಯ ತುಂಡುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. 5 ಗ್ರಾಂನ ತುಂಡು ಆರು ಸಾಕು. ಹಾಸನದ ಬಿ.ಎಂ. ರಸ್ತೆಯ ಯಾವ ಟೈರ್ ಅಂಗಡಿಯಲ್ಲಿ ಕೇಳಿದರೂ ಸಿಗುತ್ತವೆ. ಆ ಅಂಟನ್ನೇ ನಂಬಬೇಡಿ, ಮೋಟಾರ್ ಗೋಡೆಯ ಹಿಂಬದಿಗೆ ಅಂಟಿಸಿ ಮೇಲೊಂದು ಪದರ ಎಪಾಕ್ಸಿ ಬಳಿಯಿರಿ. ಹಾರುವಾಗ ಕಳಚಿದ 30 ಗ್ರಾಂ ಸಿ.ಜಿ.ಯನ್ನು ಕ್ಷಣದಲ್ಲಿ ಹಿಂದಕ್ಕೊಯ್ಯುತ್ತದೆ.

ಸೀಸ ಹೊತ್ತು ಹಾರುವುದು ಮನಸ್ಸಿಗೆ ಒಗ್ಗದವರಿಗೆ ಇನ್ನೊಂದು ದಾರಿ ಇದೆ, ನಮಗೆ ಅದೇ ಮೆಚ್ಚುಗೆ. 2600 ಎಂಎಎಚ್ ಬ್ಯಾಟರಿ ಕೊಳ್ಳಿ. 225 ಗ್ರಾಂ ತೂಗುತ್ತದೆ, ಗೂಡಿನಲ್ಲಿ ಮುಂದಕ್ಕೆ ಸರಿಸಿ ಕೂರಿಸಬಹುದು. ಹೆಚ್ಚಿನ 40 ಗ್ರಾಂ ಸಿ.ಜಿ.ಯಿಂದ 110 ಮಿ.ಮೀ. ಮುಂದೆ ಬೀಳುವುದರಿಂದ ಮೂಗಿಗೆ ಇನ್ನು 11 ಗ್ರಾಂ ಹಾಕಿದರೆ ಸಾಕು. ಸತ್ತ ಭಾರದ ಬದಲು ಹಾರಾಟದ ನಿಮಿಷಗಳು ಸಿಕ್ಕಂತಾಯಿತು. ಯಾವ ಬ್ಯಾಟರಿಯಾದರೂ ಅಡಿಗೆ ವೆಲ್ಕ್ರೋ, ಮೇಲೆ ಪಟ್ಟಿ ಎರಡೂ ಇರಲಿ. ಸರಿಯಾದ ಜಾಗಕ್ಕೆ ಗೂಡಿನ ಒಳಗೋಡೆಯಲ್ಲಿ ಪೆನ್ನಿನ ಗೆರೆ ಎಳೆಯಿರಿ. ಬೇರೆ ತೂಕದ ಬ್ಯಾಟರಿಗೆ ಬೇರೆ ಗೆರೆ.

ಇನ್ನು ಎಡಬಲದ ಸಮತೋಲನ. ಪ್ರಾಪ್ ಶಾಫ್ಟ್‌ಗೆ ಒಂದು ದಾರ, ಬಾಲದ ತುದಿಗೆ ಒಂದು ದಾರ ಕಟ್ಟಿ ತೂಗುಹಾಕಿ. ಯಾವ ರೆಕ್ಕೆ ಇಳಿಯುವುದೋ ಅದು ಭಾರ. 7 ಗ್ರಾಂ ವ್ಯತ್ಯಾಸವಿದ್ದ ಕಿಟ್‌ಗೆ ಹಗುರ ರೆಕ್ಕೆಯ ತುದಿಯಲ್ಲಿ 3.5 ಗ್ರಾಂ ಸಾಕಾಯಿತು, ಏಕೆಂದರೆ ರೆಕ್ಕೆಯ ಭಾರದ ಕೇಂದ್ರ ನಡುವಿನಲ್ಲಿದೆ, ತುದಿ ಅದರ ಎರಡರಷ್ಟು ದೂರ. ಏಲೆರಾನ್ ಟ್ರಿಮ್ ಒತ್ತಿದರಾಯಿತು ಎಂದು ಇದನ್ನು ಬಿಡುವವರೇ ಹೆಚ್ಚು. ರೆಕ್ಕೆ ತಿರುಚಿದ್ದರೆ ಟ್ರಿಮ್‌ನಿಂದ ಸರಿಹೋಗುತ್ತದೆ, ಏಕೆಂದರೆ ತಿರುಚಿನ ಬಲವೂ ಟ್ರಿಮ್‌ನ ಬಲವೂ ವೇಗದ ಜೊತೆ ಒಟ್ಟಿಗೇ ಏರಿಳಿಯುತ್ತವೆ. ತೂಕ ಹಾಗಲ್ಲ. ವೇಗದಲ್ಲಿ ಹೋಗುವಾಗ ನೆಟ್ಟಗಿದ್ದ ವಿಮಾನ ಇಳಿಯಲು ನಿಧಾನವಾದಾಗ ಭಾರದ ಕಡೆಗೆ ವಾಲುತ್ತದೆ, ಅದೂ ನೆಲಕ್ಕೆ ಹತ್ತಿರವಿರುವಾಗ.

ರಿಸೀವರ್‌ನ ಎರಡು ಆಂಟೆನಾ ಒಂದಕ್ಕೊಂದು 90 ಡಿಗ್ರಿಯಲ್ಲಿರಲಿ, ರೆಕ್ಕೆಯ ಕಾರ್ಬನ್ ಕೊಳವೆಯಿಂದಲೂ ಇಎಸ್‌ಸಿಯ ದಪ್ಪ ವೈರ್‌ಗಳಿಂದಲೂ ದೂರ. ಇಎಸ್‌ಸಿಗೆ ಥ್ರಾಟಲ್ ಕಲಿಸುವಾಗ ಸ್ಟಿಕ್ ಪೂರ್ತಿ ಮೇಲಿಟ್ಟು ಬ್ಯಾಟರಿ ಸಿಕ್ಕಿಸಿ, ಬೀಪ್ ಬಂದ ಮೇಲೆ ಕೆಳಗಿಳಿಸಿ. ತೂಗಲು ಹಾಕಿದ ಪ್ರಾಪ್ ತೆಗೆದಿಟ್ಟಿದ್ದೀರಿ ತಾನೇ? ಅದೇ ಹೊತ್ತಿನಲ್ಲಿ ಫೇಲ್‌ಸೇಫ್ ನೋಡಿ: ಮೋಟಾರ್ ನಿಧಾನ ತಿರುಗುತ್ತಿರುವಾಗ ಟ್ರಾನ್ಸ್‌ಮಿಟರ್ ಆರಿಸಿದರೆ ಮೋಟಾರ್ ನಿಲ್ಲಬೇಕು. ಓಡುತ್ತಲೇ ಇದ್ದರೆ ರಿಸೀವರ್‌ನಲ್ಲಿ ಮತ್ತೆ ಹೊಂದಿಸಿ. ಥ್ರಾಟಲ್ ಕಟ್‌ಗೆ ಒಂದು ಸ್ವಿಚ್ ಇಡಿ. ಹೊಲದಲ್ಲಿ ಟ್ರಾನ್ಸ್‌ಮಿಟರ್ ಅನ್ನು ರೇಂಜ್ ಚೆಕ್‌ಗೆ (ಸಿಗ್ನಲ್ ಬಲ ತಗ್ಗಿಸಿ ಪರೀಕ್ಷಿಸುವ ಕ್ರಮಕ್ಕೆ) ಹಾಕಿ 30 ಹೆಜ್ಜೆ ದೂರ ನಡೆದು ಎಲ್ಲವೂ ಅಲ್ಲಾಡುತ್ತದೆಯೇ ನೋಡಬೇಕು. ಒಮ್ಮೆ ಮೋಟಾರ್ ನಿಂತಿರುವಾಗ, ಇನ್ನೊಮ್ಮೆ ಒಬ್ಬರು ವಿಮಾನ ಗಟ್ಟಿಯಾಗಿ ಹಿಡಿದು ಮೋಟಾರ್ ಓಡುತ್ತಿರುವಾಗ.

ನಮ್ಮ ಕಡೆಯ ಗಾಳಿಯ ಲೆಕ್ಕ ಪುಸ್ತಿಕೆಯಲ್ಲಿರುವುದಿಲ್ಲ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ, ಚಿಕ್ಕಮಗಳೂರು ಅದಕ್ಕಿಂತ ನೂರಕ್ಕೂ ಹೆಚ್ಚು ಮೀಟರ್ ಮೇಲೆ. 30 ಡಿಗ್ರಿ ಬಿಸಿಲಿನ ಮಧ್ಯಾಹ್ನ ಹಾಸನದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಪ್ರಮಾಣ ಗಾಳಿಯ 85 ಶೇಕಡಾ ಆಸುಪಾಸು. ರೆಕ್ಕೆ ಎತ್ತಿಹಿಡಿಯಲು ಬೇಕಾದ ಕನಿಷ್ಠ ವೇಗ 8 ಶೇಕಡಾದಷ್ಟು ಏರುತ್ತದೆ, ಅಷ್ಟೇ ತಿರುಗುವ ಪ್ರಾಪ್ ಕೊಡುವ ನೂಕು ಬಲ 15 ಶೇಕಡಾ ಇಳಿಯುತ್ತದೆ. ಕರಾವಳಿಯಲ್ಲಿ ಹಾರಿಸಿದವರ ವಿಡಿಯೋ ನೋಡಿ ಅಷ್ಟೇ ನಿಧಾನಕ್ಕೆ ಇಳಿಸಲು ಹೋದರೆ ವಿಮಾನ ಕುಸಿಯುತ್ತದೆ. ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಗಾಳಿ ತಣ್ಣಗೂ ಇರುತ್ತದೆ, ಶಾಂತವಾಗಿಯೂ ಇರುತ್ತದೆ. ಮೊದಲ ಹಾರಾಟ ಆ ಹೊತ್ತಿಗೇ ಇರಲಿ. ಮಳೆಗಾಲದ ಪಡುವಣ ಗಾಳಿಯಲ್ಲಿ ಚಿಕ್ಕಮಗಳೂರಿನ ಕಡೆ ಈ ಹಗುರ ವಿಮಾನ ಮುಂದಕ್ಕೆ ಹೋಗುವುದೇ ಇಲ್ಲ. ಕಾಫಿ ತೋಟದ ಅಂಚಂತೂ ಬೇಡ, ಸಿಲ್ವರ್ ಓಕ್ ತುದಿಗೆ ಸಿಕ್ಕಿಕೊಂಡದ್ದನ್ನು ಇಳಿಸುವವರಿಲ್ಲ.

ಚಕ್ರಗಳು ಈ ಕಿಟ್‌ನ ಬಡ ಭಾಗ. 55 ಮಿ.ಮೀ. ವ್ಯಾಸದವು ಟಾರು ರಸ್ತೆಗೆ ಸರಿ, ರಾಗಿ ಕೂಳೆಗೆ ಸಿಕ್ಕಿ ವಿಮಾನ ಮುಗ್ಗರಿಸುತ್ತದೆ, ಮುಂಚಕ್ರದ ತಂತಿ ಹಿಂದಕ್ಕೆ ಬಾಗುತ್ತದೆ. 75 ಮಿ.ಮೀ. ಫೋಮ್ ಚಕ್ರ ಹಾಕಿ, ಅಥವಾ ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳ ಹುಡುಕಿ. ಚಕ್ರ ಬದಲಾಯಿಸಿದ ಮೇಲೆ ಸಿ.ಜಿ. ಮತ್ತೆ ತೂಗಬೇಕು. ಜಾಗ ಯಾವುದೇ ಇರಲಿ, ಮೊದಲು ಡಿಜಿಟಲ್ ಸ್ಕೈ ನಕ್ಷೆಯಲ್ಲಿ (ಎಲ್ಲಿ ಹಾರಿಸಬಹುದೆಂದು ಬಣ್ಣದಲ್ಲಿ ತೋರಿಸುವ ಸರ್ಕಾರದ ಡ್ರೋನ್ ನಕ್ಷೆ) ಅದರ ಬಣ್ಣ ನೋಡಿ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂನಿಂದ 2 ಕಿಲೋವರೆಗಿನದು ಮೈಕ್ರೋ ವರ್ಗ, ಈ ವಿಮಾನವೂ ಅದರಲ್ಲೇ ಬರುತ್ತದೆ. ಹಾಸನದಲ್ಲಿ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ ಎಂಬುದನ್ನು ಮರೆಯಬೇಡಿ, ಅದರ ಸುತ್ತಮುತ್ತಲಂತೂ ನಕ್ಷೆ ನೋಡದೆ ಹಾರಿಸಬೇಡಿ. ನಕ್ಷೆ ಹಸಿರು ತೋರಿಸಿದ ಕಡೆಯೂ 400 ಅಡಿ ಮೀರಬಾರದು, ಕಣ್ಣಿಂದ ಮರೆಯಾಗಬಾರದು.

ಮೊದಲ ಹಾರಾಟದಲ್ಲಿ ಟ್ರಿಮ್ ಮಾಡಿ ಇಳಿಸಿ. ಟೈಮರ್ 7 ನಿಮಿಷಕ್ಕೆ ಇಡಿ, ಸೆಲ್ಲಿಗೆ 3.7 ವೋಲ್ಟ್‌ಗಿಂತ ಕೆಳಗೆ ಇಳಿಸದೆ ಮುಗಿಸಬಹುದು. ಎರಡನೆಯ ಹಾರಾಟದಲ್ಲಿ ಸಿ.ಜಿ. ಪರೀಕ್ಷೆ: ಒಳ್ಳೆಯ ಎತ್ತರದಲ್ಲಿ ಥ್ರಾಟಲ್ ಇಳಿಸಿ, ಮೂಗನ್ನು 30 ಡಿಗ್ರಿಯಷ್ಟು ಕೆಳಗೆ ಮಾಡಿ ಸ್ಟಿಕ್ ಬಿಡಿ. ತಟ್ಟನೆ ಮೂಗೆತ್ತಿದರೆ ಮೂಗು ಭಾರ, ಬ್ಯಾಟರಿಯನ್ನು 5 ಮಿ.ಮೀ. ಹಿಂದಕ್ಕೆ ಸರಿಸಿ. ನಿಧಾನವಾಗಿ ಮೇಲೆ ಬಂದರೆ ಸರಿ. ಇನ್ನೂ ಕಡಿದಾಗಿ ಬಾಗುತ್ತಾ ಹೋದರೆ ಬಾಲ ಭಾರ, ಕೂಡಲೇ ಇಳಿಸಿ ಮೂಗಿಗೆ 10 ಗ್ರಾಂ ಸೇರಿಸಿ. ಪ್ರತಿ ಬದಲಾವಣೆಯ ನಂತರ ಎಲಿವೇಟರ್ ಟ್ರಿಮ್ ಮತ್ತೆ ನೋಡಿ, ಆಮೇಲೆ ಮತ್ತೆ ಅದೇ ಪರೀಕ್ಷೆ. ಈ ಎರಡು ವಿಮಾನಗಳಲ್ಲಿ ಒಂದು 62ಕ್ಕೆ ನಿಂತಿತು, ಇನ್ನೊಂದು 64ಕ್ಕೆ. ಆ ಅಂಕಿಯನ್ನು ಬ್ಯಾಟರಿ ಗೂಡಿನ ಮುಚ್ಚಳದ ಒಳಗೆ, ಬ್ಯಾಟರಿಯ ತೂಕದ ಜೊತೆ ಬರೆದಿಡಿ. ಬಿದ್ದು ರಿಪೇರಿಯಾದ ದಿನ ಮೊದಲು ಬೇಕಾಗುವುದು ಅದೇ.